ಚಲಿಸುವ ನಾದ: ಸಿಂಥಸೈಜರ್‌ನಲ್ಲಿ ಫಿಲ್ಟರ್ ಮತ್ತು ಮಾಡ್ಯುಲೇಶನ್

ಸಿಂಥಸೈಜರ್ ವಿದ್ಯುತ್ ಸಂಕೇತಗಳಿಂದ ನಾದ ಹುಟ್ಟಿಸುವ ವಾದ್ಯ. ಅದರಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಮ ವ್ಯವಕಲನ ಸಂಶ್ಲೇಷಣೆ. ಹಾರ್ಮಾನಿಕ್‌ಗಳು (ಮೂಲ ಆವೃತ್ತಿಯ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳು) ದಂಡಿಯಾಗಿರುವ ಅಲೆಯೊಂದನ್ನು ಮೊದಲು ತಯಾರಿಸಿಕೊಂಡು, ಬೇಡದ ಭಾಗವನ್ನು ಫಿಲ್ಟರ್‌ನಿಂದ ಕಳೆಯುವುದು ಈ ಕ್ರಮ. ಎಷ್ಟು ಕಳೆಯಬೇಕು ಎಂಬುದನ್ನು ಹೊತ್ತುಹೊತ್ತಿಗೆ ಬದಲಾಯಿಸುವ ವ್ಯವಸ್ಥೆಗೆ ಮಾಡ್ಯುಲೇಶನ್ ಎನ್ನುತ್ತಾರೆ. ಇವೆರಡೂ ಕೂಡಿದಾಗ ಒಂದೇ ಕೀಯನ್ನು ನಿಮಿಷಗಟ್ಟಲೆ ಒತ್ತಿ ಹಿಡಿದರೂ ನಾದ ಬೆಳೆಯುತ್ತ, ಕಪ್ಪಾಗುತ್ತ, ಮತ್ತೆ ಹೊಳೆಯುತ್ತ ಸಾಗುತ್ತದೆ. ಸಿನಿಮಾ ಹಿನ್ನೆಲೆ ಸಂಗೀತದಲ್ಲಿ, ನೃತ್ಯ ಸಂಗೀತದಲ್ಲಿ, ಧ್ಯಾನದ ಧ್ವನಿಮುದ್ರಿಕೆಗಳಲ್ಲಿ ನಾವು ಕೇಳುವ ದೀರ್ಘ ನಾದಗಳ ಬಹುಪಾಲು ಈ ಜೋಡಿಯ ಕೆಲಸ.

ಈ ಚಲನೆ ಅಲಂಕಾರಕ್ಕಾಗಿ ಇರುವುದಲ್ಲ. ಅಲೆ ಹುಟ್ಟಿಸುವ ಘಟಕವಾದ ಆಸಿಲೇಟರ್ ಹೊರಡಿಸುವ ಅಲೆ ಮೊದಲ ಸೆಕೆಂಡಿನಲ್ಲಿ ಹೇಗಿತ್ತೋ ಹತ್ತನೆಯ ಸೆಕೆಂಡಿನಲ್ಲೂ ಹಾಗೆಯೇ ಇರುತ್ತದೆ. ಬದಲಾಗದ ಸದ್ದನ್ನು ಕಿವಿ ಬೇಗ ಕೈಬಿಡುತ್ತದೆ. ಮೀಟಿದ ತಂತಿಯಾಗಲಿ, ಊದಿದ ಕೊಳಲಾಗಲಿ, ಹಾಡುವ ಗಂಟಲಾಗಲಿ ಹಾಗೆ ನಿಂತಲ್ಲೇ ನಿಲ್ಲುವುದಿಲ್ಲ. ತಂಬೂರಿಯನ್ನೇ ನೋಡಿ. ಮೀಟಿದ ಮೇಲೆ ಶ್ರುತಿ ಅಲುಗುವುದಿಲ್ಲ, ಆದರೆ ನಾದದೊಳಗಿನ ಹೊಳಪು ಮೇಲಿಂದ ಕೆಳಕ್ಕೆ ಸರಿಯುತ್ತ ಹೋಗುತ್ತದೆ. ಅಗಲವಾದ ಕುದುರೆಯ ಇಳಿಜಾರು ಮೈಗೆ ತಂತಿ ಸವರಿಕೊಂಡು ಕಂಪಿಸುವುದೂ ಅದರಡಿ ಇಟ್ಟ ನೂಲಿನ ಎಳೆಯೂ ಇದಕ್ಕೆ ಕಾರಣ. ಯಾವ ಬಿಂದುವಿನಲ್ಲಿ ತಂತಿಯನ್ನು ಮೀಟುತ್ತೇವೋ ಅಲ್ಲಿ ನಿಶ್ಚಲ ಬಿಂದು ಇರುವ ಹಾರ್ಮಾನಿಕ್ ಕೇಳಿಸಬಾರದು ಎಂಬುದು ಭೌತಶಾಸ್ತ್ರದ ನಿಯಮ. ವೀಣೆ, ತಂಬೂರಿಗಳು ಆ ನಿಯಮಕ್ಕೆ ಬಗ್ಗುವುದಿಲ್ಲ, ಅಂಥ ಹಾರ್ಮಾನಿಕ್‌ಗಳೂ ಅವುಗಳಲ್ಲಿ ಧಾರಾಳವಾಗಿ ಕೇಳಿಸುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ಸಿಂಥಸೈಜರ್ ಕಟ್ಟಿದವರ ಮುಂದಿದ್ದ ಸವಾಲು ಇದೇ ಬಗೆಯದು: ಶ್ರುತಿ ನಿಂತಿರಬೇಕು, ನಾದಗುಣ ನಡೆಯುತ್ತಿರಬೇಕು.

ಕಚ್ಚಾ ಅಲೆಗಳು

ಗರಗಸ ಅಲೆಯಲ್ಲಿ ಎಲ್ಲ ಹಾರ್ಮಾನಿಕ್‌ಗಳೂ ಇರುತ್ತವೆ. ಎರಡನೆಯದರ ಬಲ ಮೊದಲನೆಯದರ ಅರ್ಧ, ಮೂರನೆಯದು ಮೂರರಲ್ಲೊಂದು, ಹೀಗೆ ಇಳಿಯುತ್ತದೆ. ಚೌಕ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ ಇರುವುದರಿಂದ ಅದರ ದನಿ ಟೊಳ್ಳು. ತ್ರಿಕೋನ ಅಲೆಯಲ್ಲೂ ಬೆಸ ಸಂಖ್ಯೆಯವೇ, ಆದರೆ ಅವು ಬಹು ಬೇಗ ಕ್ಷೀಣಿಸುತ್ತವೆ. ಹೀಗಾಗಿ ಫಿಲ್ಟರ್‌ಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಇವುಗಳ ಜೊತೆಗೆ ಗಾಳಿಯಂತೆ ಭೋರೆನ್ನುವ ನಾಯ್ಸ್ ಕೂಡ ಉಂಟು. ಚಲಿಸುವ ನಾದ ಬೇಕಾದವರು ಸಾಮಾನ್ಯವಾಗಿ ಗರಗಸದಿಂದ ಹೊರಡುತ್ತಾರೆ. ಕಳೆಯಬೇಕಾದರೆ ಮೊದಲು ಇರಬೇಕು.

ಫಿಲ್ಟರ್ ಮಾಡುವ ಕೆಲಸ

ಫಿಲ್ಟರ್ ಕೆಲವು ಆವೃತ್ತಿಗಳನ್ನು ಬಿಟ್ಟು ಕೆಲವನ್ನು ತಡೆಯುತ್ತದೆ. ಕೆಳಗಿನದನ್ನು ಬಿಡುವುದು ಲೋ-ಪಾಸ್, ಮೇಲಿನದನ್ನು ಬಿಡುವುದು ಹೈ-ಪಾಸ್, ನಡುವಿನ ಪಟ್ಟಿಯನ್ನು ಮಾತ್ರ ಬಿಡುವುದು ಬ್ಯಾಂಡ್-ಪಾಸ್, ನಡುವಿನ ಪಟ್ಟಿಯನ್ನು ಮಾತ್ರ ಕತ್ತರಿಸುವುದು ನಾಚ್. ತಡೆ ಶುರುವಾಗುವ ಎಡೆಗೆ ಕಟಾಫ್ ಎಂದು ಹೆಸರು.

ನಮ್ಮ ಬಾಯಿಯೇ ಇಂಥ ಒಂದು ಸಾಧನ. ಒಂದೇ ಶ್ರುತಿಯಲ್ಲಿ ನಿಂತು ‘ಊ’ ಎಂದು ಹಿಡಿದು, ಉಸಿರು ಬಿಡದೆ ‘ಆ’ಗೆ, ಅಲ್ಲಿಂದ ‘ಈ’ಗೆ ಸರಿಯಿರಿ. ಗಂಟಲಿನ ಕಂಪನ ಹೆಚ್ಚುಕಡಿಮೆ ಅದೇ ಆಗಿರುತ್ತದೆ. ಬದಲಾದದ್ದು ನಾಲಿಗೆ, ತುಟಿ, ದವಡೆಗಳಿಂದ ಆದ ಕುಹರದ ಆಕಾರ. ‘ಆ’ದಲ್ಲಿ ಸುಮಾರು 700 ಹರ್ಟ್ಸ್ ಬಳಿಯೂ 1,100 ಹರ್ಟ್ಸ್ ಆಸುಪಾಸಿನಲ್ಲೂ ನಾದ ಉಬ್ಬಿರುತ್ತದೆ. ‘ಈ’ದಲ್ಲಿ ಎರಡನೆಯ ಉಬ್ಬು 2,000 ಹರ್ಟ್ಸ್ ದಾಟಿ ಹೋಗಿರುತ್ತದೆ. ಕಟಾಫ್ ನಾಬ್ ತಿರುಗಿಸಿದಾಗ ಯಂತ್ರ ಏನೋ ಮಾತಾಡಿದಂತೆ ಕೇಳಿಸಲು ಇದೇ ಕಾರಣ. ಹುಟ್ಟಿನಿಂದಲೂ ಸ್ವರಾಕ್ಷರಗಳನ್ನು ಗುರುತಿಸುತ್ತ ಬಂದ ನಮ್ಮ ಕಿವಿ ಈ ಬಗೆಯ ಬದಲಾವಣೆಗೆ ಅತ್ಯಂತ ಸೂಕ್ಷ್ಮವಾಗಿದೆ.

ಫಿಲ್ಟರ್ ಎಷ್ಟು ಕಡಿದಾಗಿ ತಡೆಯುತ್ತದೆ ಎಂಬುದನ್ನು ಅದರ ಹಂತಗಳ ಸಂಖ್ಯೆ ನಿರ್ಧರಿಸುತ್ತದೆ. ಒಂದು ಹಂತವೆಂದರೆ ಕಟಾಫ್‌ನಿಂದ ಸಾಕಷ್ಟು ಮೇಲೆ, ಸ್ಥಾಯಿಗೆ 6 ಡೆಸಿಬೆಲ್ ಇಳಿತ. ನಾಲ್ಕು ಹಂತವಾದರೆ 24. ಲೆಕ್ಕದಲ್ಲಿ ನೋಡೋಣ. 110 ಹರ್ಟ್ಸ್‌ನ ಗರಗಸ ಅಲೆಗೆ ನಾಲ್ಕು ಹಂತದ ಲೋ-ಪಾಸ್ ಹಾಕಿ ಕಟಾಫ್ 440ರಲ್ಲಿ ಇಟ್ಟರೆ, ಮೂಲ ಸ್ವರ 1 ಡೆಸಿಬೆಲ್ ಮಾತ್ರ ತಗ್ಗುತ್ತದೆ. 220ರ ಎರಡನೆಯ ಹಾರ್ಮಾನಿಕ್ ಸುಮಾರು 4, 440ರ ನಾಲ್ಕನೆಯದು 12, 880ರ ಎಂಟನೆಯದು 28, 1,760ರ ಹದಿನಾರನೆಯದು 49 ಡೆಸಿಬೆಲ್ ತಗ್ಗುತ್ತವೆ. ಅಂದರೆ ಕಟಾಫ್ ಎಂಬುದು ಗೋಡೆಯಲ್ಲ, ಇಳಿಜಾರು. ಅದನ್ನು ನಿಧಾನವಾಗಿ ಮೇಲೆ ಸರಿಸಿದರೆ ಹಾರ್ಮಾನಿಕ್‌ಗಳು ಥಟ್ಟನೆ ಹಾಜರಾಗದೆ ಒಂದರ ಹಿಂದೊಂದು ನುಸುಳಿಕೊಂಡು ಬರುತ್ತವೆ. ಕಿವಿಗೆ ಇಷ್ಟವಾಗುವುದು ಈ ನುಸುಳುವಿಕೆಯೇ.

ಫಿಲ್ಟರ್‌ನ ಎರಡನೆಯ ನಾಬ್ ರೆಸೊನೆನ್ಸ್. ಹೊರಬಂದ ಸಂಕೇತದ ಒಂದು ಪಾಲನ್ನು ಮತ್ತೆ ಒಳಕ್ಕೆ ಊಡಿದಾಗ ಕಟಾಫ್ ಸುತ್ತ ಒಂದು ಉಬ್ಬು ಏಳುತ್ತದೆ. ನಾಲ್ಕು ಹಂತದ ಫಿಲ್ಟರ್‌ನಲ್ಲಿ ಕಟಾಫ್ ಆವೃತ್ತಿಯ ಸಂಕೇತ ಹಂತಕ್ಕೆ 45 ಡಿಗ್ರಿಯಂತೆ ಒಟ್ಟು 180 ಡಿಗ್ರಿ ಹಿಂದೆ ಬೀಳುತ್ತದೆ. ಅದನ್ನು ತಿರುವುಮುರುವು ಮಾಡಿ ಒಳಕ್ಕೆ ಕೊಟ್ಟರೆ ಸರಿಯಾಗಿ ತನ್ನ ಮೇಲೆ ತಾನೇ ಬಂದು ಕೂರುತ್ತದೆ. ನಾಲ್ಕು ಹಂತ ದಾಟುವಷ್ಟರಲ್ಲಿ ಅದರ ಬಲ ನಾಲ್ಕರಲ್ಲೊಂದಾಗಿರುವುದರಿಂದ, ಹಿಂದಿರುಗಿಸುವಾಗ ನಾಲ್ಕು ಪಟ್ಟು ಹಿಗ್ಗಿಸಿದರೆ ನಷ್ಟವೆಲ್ಲ ಭರ್ತಿಯಾಗಿ ಫಿಲ್ಟರ್ ತಾನೇ ಸಿಳ್ಳೆ ಹಾಕತೊಡಗುತ್ತದೆ. ಅದೇ ಹೊತ್ತಿಗೆ ಕಟಾಫ್‌ಗಿಂತ ಬಹಳ ಕೆಳಗಿನ ಮಂದ್ರ ಭಾಗ ಐದರಲ್ಲೊಂದಕ್ಕೆ, ಅಂದರೆ ಸುಮಾರು 14 ಡೆಸಿಬೆಲ್ ಕುಗ್ಗಿರುತ್ತದೆ. ರೆಸೊನೆನ್ಸ್ ಏರಿಸಿದರೆ ನಾದ ತೆಳ್ಳಗಾಯಿತು ಎಂದು ಹೊಸಬರು ಕಂಗೆಡುವುದು ಈ ಕಾರಣಕ್ಕೆ. ನನ್ನ ಮಟ್ಟಿಗೆ ರೆಸೊನೆನ್ಸ್‌ನ ಅತ್ಯಂತ ಫಲವತ್ತಾದ ಎಡೆ ಸಿಳ್ಳೆ ಶುರುವಾಗುವುದಕ್ಕೆ ತುಸು ಮುಂಚಿನದು. ಅಲ್ಲಿ ಉಬ್ಬು ಎಷ್ಟು ಕಿರಿದಾಗಿರುತ್ತದೆಂದರೆ, ಕಟಾಫ್ ಸರಿದಂತೆ ಅದು ಒಂದೊಂದೇ ಹಾರ್ಮಾನಿಕ್ಕನ್ನು ಎತ್ತಿ ತೋರಿಸುತ್ತದೆ.

ನಾಬ್ ತಿರುಗಿಸುವ ವೋಲ್ಟೇಜ್

ಫಿಲ್ಟರ್‌ಗಳು ಸಿಂಥಸೈಜರ್‌ಗಿಂತ ಹಳೆಯವು. ಅಮೆರಿಕದ ಹ್ಯಾಮಂಡ್ ಕಂಪನಿ 1939ರಲ್ಲಿ ಮಾರುಕಟ್ಟೆಗೆ ತಂದ ನೊವಾಕಾರ್ಡ್‌ನಲ್ಲಿ 163 ನಿರ್ವಾತ ಕೊಳವೆಗಳಿದ್ದವು, ಅನುರಣಿಸುವ ಫಿಲ್ಟರ್‌ಗಳೂ ಇದ್ದವು. ಆದರೆ ನುಡಿಸುವಾಗ ಅವು ತಾವಾಗಿ ಸರಿಯುತ್ತಿರಲಿಲ್ಲ. ಐವತ್ತರ ದಶಕದ ಸ್ಟುಡಿಯೋಗಳಲ್ಲಿ ನಾದ ಬದಲಾಗಬೇಕಾದರೆ ಒಬ್ಬರು ನಾಬ್ ಹಿಡಿದು ಕೂರಬೇಕಿತ್ತು, ಇಲ್ಲವೇ ಟೇಪನ್ನು ಕತ್ತರಿಸಿ ಅಂಟಿಸಬೇಕಿತ್ತು.

ಅರವತ್ತರ ದಶಕದ ಮೊದಲರ್ಧದಲ್ಲಿ ಅಮೆರಿಕದ ಎರಡು ತೀರಗಳಲ್ಲಿ ಇಬ್ಬರು ಬೇರೆಬೇರೆಯಾಗಿ ಒಂದೇ ಉಪಾಯಕ್ಕೆ ಬಂದರು: ನಾಬನ್ನು ಕೈಯ ಬದಲು ವೋಲ್ಟೇಜ್ ತಿರುಗಿಸಲಿ. ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್‌ನಲ್ಲಿ ರಾಬರ್ಟ್ ಮೋಗ್, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಜೊತೆ ಕೆಲಸ ಮಾಡಿ, 1964ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಮುಂದೆ ತನ್ನ ಘಟಕಗಳನ್ನು ಮಂಡಿಸಿದ. ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲ, ಸ್ಯಾನ್‌ಫ್ರಾನ್ಸಿಸ್ಕೊ ಟೇಪ್ ಮ್ಯೂಸಿಕ್ ಸೆಂಟರಿನ ಮಾರ್ಟನ್ ಸುಬೋಟ್ನಿಕ್ ಮತ್ತು ರಮೋನ್ ಸೆಂಡರ್ ಅವರಿಗಾಗಿ ತನ್ನ ಘಟಕಗಳನ್ನು ಕಟ್ಟಿದ. ಮೋಗ್ ಪದ್ಧತಿಯಲ್ಲಿ ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರುತ್ತದೆ. ಆಸಿಲೇಟರ್‌ಗೂ ಫಿಲ್ಟರ್‌ಗೂ ಇದೇ ಅಳತೆ. ಈ ಒಂದು ನಿರ್ಧಾರದಿಂದ ಯಾವುದರ ಹೊರಹರಿವನ್ನು ಯಾವುದಕ್ಕೆ ಬೇಕಾದರೂ ಜೋಡಿಸಬಹುದಾಯಿತು. ಮಾಡ್ಯುಲೇಶನ್ ಎಂಬ ಇಡೀ ಕಲೆ ನಿಂತಿರುವುದು ಈ ಸ್ವಾತಂತ್ರ್ಯದ ಮೇಲೆ.

ಮೋಗ್‌ನ ಏಣಿ ಫಿಲ್ಟರ್‌ಗೆ ಅಮೆರಿಕದ ಪೇಟೆಂಟ್ 1969ರಲ್ಲಿ ದೊರೆಯಿತು. ಜೋಡಿ ಜೋಡಿ ಟ್ರಾನ್ಸಿಸ್ಟರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಪ್ರತಿ ಜೋಡಿಯ ನಡುವೆ ಒಂದು ಕೆಪಾಸಿಟರ್ ಅಡ್ಡ ಹಾಕಿದ ಆ ನಕ್ಷೆ ನೋಡಲು ಏಣಿಯೇ. ಅದರಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣವೇ ಕಟಾಫ್ ಅನ್ನು ಗೊತ್ತುಮಾಡುತ್ತದೆ. ಸಂಕೇತ ಜೋರಾದಾಗ ಟ್ರಾನ್ಸಿಸ್ಟರ್‌ಗಳು ಅದರ ತುದಿಗಳನ್ನು ಮೆಲ್ಲಗೆ ಒತ್ತಿ ದುಂಡಗೆ ಮಾಡುತ್ತವೆ, ಹೊಸ ಹಾರ್ಮಾನಿಕ್‌ಗಳು ಸೇರಿಕೊಳ್ಳುತ್ತವೆ. ಮೋಗ್ ನಾದ ದಪ್ಪ, ಬೆಚ್ಚಗೆ ಎಂದು ನುಡಿಸುವವರು ಹೇಳುವ ಮಾತಿನ ಹಿಂದೆ ಇರುವುದು ಈ ಒತ್ತಡ. 1970ರ ಮಿನಿಮೋಗ್‌ನಲ್ಲಿ ಮೂರು ಆಸಿಲೇಟರ್‌ಗಳನ್ನು ಇದೇ ಫಿಲ್ಟರ್‌ಗೆ ತುರುಕಿದರು. ಈ ವಾದ್ಯ ವೇದಿಕೆಗೆ ಬಂದ ಮೇಲೆ ಫಿಲ್ಟರ್ ಸರಿಸುವುದು ಸ್ಟುಡಿಯೋ ತಂತ್ರವಾಗಿ ಉಳಿಯಲಿಲ್ಲ, ನುಡಿಸಾಣಿಕೆಯ ಭಾಗವಾಯಿತು.

ಬುಕ್ಲನದು ಬೇರೆ ದಾರಿ. ಅವನ ಲೋ-ಪಾಸ್ ಗೇಟ್‌ನಲ್ಲಿ ಒಂದು ಚಿಕ್ಕ ದೀಪ, ಅದರೆದುರು ಬೆಳಕಿಗೆ ಸ್ಪಂದಿಸುವ ರೋಧಕ. ದೀಪ ಆರಿದರೂ ರೋಧಕ ತಕ್ಷಣ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಆ ತಡದಲ್ಲಿ ನಾದದ ಗಟ್ಟಿತನವೂ ಹೊಳಪೂ ಒಟ್ಟೊಟ್ಟಿಗೆ ಇಳಿಯುತ್ತವೆ. ತಟ್ಟಿದ ಮರ, ಮೀಟಿದ ತಂತಿ ನಿಶ್ಶಬ್ದಕ್ಕೆ ಹೋಗುವ ಬಗೆಯೂ ಇದೇ ಆದ್ದರಿಂದ, ಅದರ ಹೊಡೆತಗಳು ಯಾವುದೋ ನಿಜವಾದ ವಸ್ತುವಿನಿಂದ ಬಂದಂತೆ ಕೇಳಿಸುತ್ತವೆ. ಸುಬೋಟ್ನಿಕ್ 1967ರಲ್ಲಿ ಹೊರತಂದ ‘ಸಿಲ್ವರ್ ಆಪಲ್ಸ್ ಆಫ್ ದ ಮೂನ್’ ಧ್ವನಿಮುದ್ರಿಕೆ ಬುಕ್ಲ ಯಂತ್ರದ ಮೇಲೆ ರಚಿತವಾದದ್ದು.

ಉಳಿದ ಕಂಪನಿಗಳೂ ತಮ್ಮ ತಮ್ಮ ಗುಣ ತಂದವು. ಲಂಡನ್ನಿನ ಇಎಂಎಸ್ 1969ರಲ್ಲಿ ಹೊರತಂದ ವಿಸಿಎಸ್3ರಲ್ಲಿ ಏಣಿಯನ್ನು ಡಯೋಡ್‌ಗಳಿಂದ ಕಟ್ಟಿದ್ದರು. ಟಾಮ್ ಓಬರ್‌ಹೈಮ್ 1974ರ ತನ್ನ ಘಟಕದಲ್ಲಿ ಸ್ಥಾಯಿಗೆ 12 ಡೆಸಿಬೆಲ್ ಇಳಿಸುವ ಮೃದು ಫಿಲ್ಟರ್ ಇಟ್ಟ. ಅದರಲ್ಲಿ ಒಂದೇ ನಾಬ್ ಲೋ-ಪಾಸ್‌ನಿಂದ ನಾಚ್ ಮೂಲಕ ಹೈ-ಪಾಸ್‌ವರೆಗೆ ಜಾರುತ್ತಿತ್ತು. 1978ರ ಕಾರ್ಗ್ ಎಂಎಸ್-20ರಲ್ಲಿ ಹೈ-ಪಾಸ್, ಲೋ-ಪಾಸ್ ಎರಡಕ್ಕೂ ರೆಸೊನೆನ್ಸ್ ಇದ್ದು, ಎರಡನ್ನೂ ಏರಿಸಿದರೆ ಅದು ಕಿರುಚುತ್ತದೆ. ಆ ಕಿರುಚಾಟಕ್ಕಾಗಿಯೇ ಅದನ್ನು ಇಂದಿಗೂ ಹುಡುಕುವವರಿದ್ದಾರೆ.

ಮಾಡ್ಯುಲೇಶನ್‌ನ ಮೂಲಗಳು

ನಾಬನ್ನು ತಿರುಗಿಸುವ ವೋಲ್ಟೇಜ್ ಎಲ್ಲಿಂದ ಬರಬೇಕು? ಮೊದಲನೆಯ ಮೂಲ ಎನ್ವಲಪ್. ಕೊಲಂಬಿಯಾ-ಪ್ರಿನ್ಸ್‌ಟನ್ ಸ್ಟುಡಿಯೋದ ಸಂಯೋಜಕ ವ್ಲಾಡಿಮಿರ್ ಉಸಾಚೆವ್ಸ್ಕಿ 1965ರಲ್ಲಿ ಮೋಗ್‌ಗೆ ಕೊಟ್ಟ ವಿವರಣೆಯಿಂದ ಬಂದದ್ದು ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ನಾಲ್ಕು ಘಟ್ಟಗಳ ರೂಢಿ. ಏರಲು ಎಷ್ಟು ಹೊತ್ತು, ಇಳಿಯಲು ಎಷ್ಟು ಹೊತ್ತು, ಕೀ ಒತ್ತಿರುವವರೆಗೆ ಯಾವ ಮಟ್ಟದಲ್ಲಿ ನಿಲ್ಲಬೇಕು, ಬಿಟ್ಟ ಮೇಲೆ ಆರಲು ಎಷ್ಟು ಹೊತ್ತು. ಮೂರು ಕಾಲದ ಅಳತೆ, ಸಸ್ಟೇನ್ ಒಂದು ಮಾತ್ರ ಮಟ್ಟದ ಅಳತೆ. ಇದು ಗೊತ್ತಿಲ್ಲದೆ ಗಂಟೆಗಟ್ಟಲೆ ತಡಕಾಡುವ ಕಲಿಯುವವರನ್ನು ನೋಡಿದ್ದೇನೆ.

ಎನ್ವಲಪ್ಪನ್ನು ಗಟ್ಟಿತನಕ್ಕೆ ಮಾತ್ರ ಜೋಡಿಸಿ ಬಿಟ್ಟರೆ ನಾದ ಆಟಿಕೆಯದಾಗುತ್ತದೆ. ಏಕೆ ಎಂಬುದನ್ನು ಅರವತ್ತರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಝಾಂ-ಕ್ಲೋದ್ ರಿಸೆ ತೋರಿಸಿಕೊಟ್ಟ. ಟ್ರಂಪೆಟ್ ಸ್ವರವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸಿದಾಗ, ಮೇಲಿನ ಹಾರ್ಮಾನಿಕ್‌ಗಳು ಕೆಳಗಿನವಕ್ಕಿಂತ ತಡವಾಗಿ ಏಳುತ್ತವೆ, ಸ್ವರ ಜೋರಾದಷ್ಟೂ ಅವುಗಳ ಪಾಲು ಹೆಚ್ಚುತ್ತದೆ ಎಂಬುದು ಗೊತ್ತಾಯಿತು. ಗರಗಸ ಅಲೆ, ಲೋ-ಪಾಸ್, ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ಕಟಾಫ್ ಮೇಲೇರಿಸುವ ಎನ್ವಲಪ್, ಇಷ್ಟೇ ಸಾಕು, ಹಿತ್ತಾಳೆ ವಾದ್ಯ ಎದುರು ನಿಂತ ಹಾಗಾಗುತ್ತದೆ. ಅದೇ ಏರಿಕೆಯನ್ನು ಆರು ಸೆಕೆಂಡಿಗೆ ಹಿಗ್ಗಿಸಿದರೆ ಹಿತ್ತಾಳೆ ಹೋಗಿ ಬೆಳಗಾಗುವ ಅನುಭವ. 1977ರ ಯಮಾಹಾ ಸಿಎಸ್-80ರ ಮೇಲೆ ವಾಂಗೆಲಿಸ್ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ನುಡಿಸಿದ್ದು ಈ ಎರಡರ ನಡುವಿನ ಸೀಮೆಯಲ್ಲಿ. ಆ ವಾದ್ಯದಲ್ಲಿ ಒತ್ತಿದ ಕೀಯನ್ನು ಇನ್ನಷ್ಟು ಅದುಮಿದರೆ ಆ ಒಂದು ಸ್ವರ ಮಾತ್ರ ಹೊಳಪೇರುತ್ತಿತ್ತು.

ಎರಡನೆಯ ಮೂಲ ಎಲ್‌ಎಫ್‌ಒ, ಅಂದರೆ ಕಿವಿಗೆ ಕೇಳದಷ್ಟು ನಿಧಾನವಾದ ಆಸಿಲೇಟರ್. ಸೆಕೆಂಡಿಗೆ ಆರೇಳು ಸಲ ಶ್ರುತಿಯನ್ನು ಅಲುಗಿಸಿದರೆ ಕಂಪನ, ಕಟಾಫ್ ಅನ್ನು ಅಲುಗಿಸಿದರೆ ‘ವಾ-ವಾ’. ನಿಧಾನಗೊಳಿಸಿ ಒಂದು ಸುತ್ತಿಗೆ ಹತ್ತು ಸೆಕೆಂಡು ಕೊಟ್ಟರೆ ಅಲುಗಾಟ ಮರೆಯಾಗಿ ಉಸಿರಾಟ ಬರುತ್ತದೆ. ಮೇಲಕ್ಕೆ ಒಯ್ದು 20 ಹರ್ಟ್ಸ್ ದಾಟಿಸಿದರೆ ಕಿವಿ ಅದನ್ನು ಚಲನೆ ಎಂದು ಎಣಿಸುವುದನ್ನೇ ಬಿಟ್ಟು, ಹೊಸ ಹಾರ್ಮಾನಿಕ್‌ಗಳಿರುವ ಇನ್ನೊಂದು ನಾದಗುಣ ಎಂದು ಕೇಳಿಸಿಕೊಳ್ಳುತ್ತದೆ. 1978ರ ಪ್ರಾಫೆಟ್-5ರಲ್ಲಿ ಡೇವ್ ಸ್ಮಿತ್ ಒಂದು ಆಸಿಲೇಟರ್‌ನಿಂದ ಇನ್ನೊಂದರ ಶ್ರುತಿಯನ್ನೂ ಫಿಲ್ಟರನ್ನೂ ಹೀಗೆ ವೇಗವಾಗಿ ಅಲುಗಿಸುವ ಸೌಕರ್ಯ ಕೊಟ್ಟ. ಅದರ ಲೋಹದ ಗಂಟೆಯಂಥ ನಾದಗಳು ಬಂದದ್ದು ಅಲ್ಲಿಂದ.

ಮೂರನೆಯದು ಯಾದೃಚ್ಛಿಕತೆ. ನಾಯ್ಸ್‌ನಿಂದ ಗಡಿಯಾರದ ಪ್ರತಿ ಮಿಡಿತಕ್ಕೊಂದು ವೋಲ್ಟೇಜ್ ಹೆಕ್ಕಿ, ಮುಂದಿನ ಮಿಡಿತದವರೆಗೆ ಹಿಡಿದಿಡುವ ಸಾಧನಕ್ಕೆ ಸ್ಯಾಂಪಲ್-ಅಂಡ್-ಹೋಲ್ಡ್ ಎಂದು ಹೆಸರು. ಎಆರ್‌ಪಿ ಕಂಪನಿಯ ವಾದ್ಯಗಳು ಇದನ್ನು ಜನಪ್ರಿಯಗೊಳಿಸಿದವು. ಅಂಥ ಮೆಟ್ಟಿಲುಗಳನ್ನು ಕಟಾಫ್‌ಗೆ ಕೊಟ್ಟರೆ ನಾದ ಗುಳ್ಳೆ ಏಳುವಂತೆ ಕುಣಿಯುತ್ತದೆ. ಮೆಟ್ಟಿಲುಗಳ ಅಂಚು ನಯಗೊಳಿಸಿದರೆ ಊಹಿಸಲಾಗದ, ಆದರೆ ಗಾಬರಿಯಿಲ್ಲದ ಅಲೆದಾಟ. 1971ರಲ್ಲಿ ದ ಹೂ ತಂಡದ ಪೀಟ್ ಟೌನ್‌ಶೆಂಡ್ ‘ವೋಂಟ್ ಗೆಟ್ ಫೂಲ್ಡ್ ಅಗೇನ್’ ಹಾಡಿಗೆ ಸಾಧಾರಣ ಎಲೆಕ್ಟ್ರಾನಿಕ್ ಆರ್ಗನ್ನನ್ನು ವಿಸಿಎಸ್3ರ ಫಿಲ್ಟರ್ ಮೂಲಕ ಹಾಯಿಸಿದ. ಆರ್ಗನ್ ಸುಮ್ಮನೆ ಸ್ವರ ಹಿಡಿದಿದೆ, ತಾಳವೆಲ್ಲ ಫಿಲ್ಟರಿನದು.

ಕೀಲಿಮಣೆಯೂ ಒಂದು ಮೂಲ. ಮೇಲಿನ ಸ್ವರಕ್ಕೆ ಹೋದಂತೆ ಕಟಾಫ್ ಕೂಡ ಅಷ್ಟೇ ಏರದಿದ್ದರೆ ಮೇಲಿನ ಸ್ಥಾಯಿಯ ನಾದ ಮಂಕಾಗುತ್ತದೆ, ಪೂರ್ತಿ ಏರಿದರೆ ಎಲ್ಲೆಡೆ ಒಂದೇ ಬಣ್ಣ. ನಿಜವಾದ ವಾದ್ಯಗಳು ಇವೆರಡರ ನಡುವೆ ಎಲ್ಲೋ ಇರುತ್ತವೆ. ಮಾಡ್ಯುಲೇಶನ್‌ಗೇ ಮಾಡ್ಯುಲೇಶನ್ ಕೊಡುವುದು ಇನ್ನೊಂದು ಮೆಟ್ಟಿಲು: ಕಂಪನ ತಡವಾಗಿ ಶುರುವಾಗುವಂತೆ ಎನ್ವಲಪ್‌ನಿಂದ ಎಲ್‌ಎಫ್‌ಒದ ಪ್ರಮಾಣವನ್ನು ಏರಿಸುವುದು, ಒಂದು ಎಲ್‌ಎಫ್‌ಒದ ವೇಗವನ್ನು ಇನ್ನೊಂದರಿಂದ ಎಳೆದಾಡಿಸುವುದು. ಫಿಲ್ಟರ್‌ಗೆ 15 ಬಗೆ ಇದ್ದ 1984ರ ಓಬರ್‌ಹೈಮ್ ಎಕ್ಸ್‌ಪಾಂಡರ್, ತಂತಿ ಚುಚ್ಚದೆ ಇಂಥ ಜೋಡಣೆಗಳನ್ನು ಪರದೆಯ ಮೇಲೆ ಬರೆದುಕೊಳ್ಳಲು ಅವಕಾಶ ಕೊಟ್ಟಿತು.

ಒಂದು ದೀರ್ಘ ನಾದವನ್ನು ಕಟ್ಟುವ ಬಗೆ

ಎರಡು ಗರಗಸ ಆಸಿಲೇಟರ್‌ಗಳನ್ನು ತೆಗೆದುಕೊಳ್ಳಿ. ಒಂದು 110 ಹರ್ಟ್ಸ್, ಇನ್ನೊಂದು 110.2. ಮೂಲ ಸ್ವರಗಳ ನಡುವೆ ಐದು ಸೆಕೆಂಡಿಗೊಮ್ಮೆ ಏರಿಳಿತ ಕೇಳಿಸುತ್ತದೆ. ನಾಲ್ಕನೆಯ ಹಾರ್ಮಾನಿಕ್‌ಗಳಿಗೆ ಬಂದರೆ ಅಂತರ 0.8 ಹರ್ಟ್ಸ್, ಏರಿಳಿತ ನಾಲ್ಕು ಪಟ್ಟು ಚುರುಕು. ಹತ್ತನೆಯದರಲ್ಲಿ ಸೆಕೆಂಡಿಗೆ ಎರಡು. ಅಂದರೆ ಫಿಲ್ಟರ್ ಮುಚ್ಚಿದ್ದಾಗ ನಾದ ಮಂದವಾಗಿ ತೂಗುತ್ತದೆ, ತೆರೆದಷ್ಟೂ ಒಳಗಿನ ಗಡಿಬಿಡಿ ಹೊರಬೀಳುತ್ತದೆ. ಕಟಾಫ್ ಸರಿಸುವವನು ಬಣ್ಣವನ್ನಷ್ಟೇ ಅಲ್ಲ, ವೇಗವನ್ನೂ ಆರಿಸುತ್ತಿರುತ್ತಾನೆ. ಕೈಪಿಡಿಗಳು ಇದನ್ನು ಒತ್ತಿ ಹೇಳುವುದು ಕಡಿಮೆ, ಕೇಳಿ ನೋಡಿದವರು ಮರೆಯುವುದಿಲ್ಲ.

ಈಗ ನಾಲ್ಕು ಹಂತದ ಲೋ-ಪಾಸ್, ಕಟಾಫ್ 300 ಹರ್ಟ್ಸ್‌ನಲ್ಲಿ, ರೆಸೊನೆನ್ಸ್ ಸಿಳ್ಳೆಗಿಂತ ತುಸು ಕೆಳಗೆ. ಎನ್ವಲಪ್ ಆರು ಸೆಕೆಂಡಿನಲ್ಲಿ ಕಟಾಫನ್ನು ಎರಡು ಸ್ಥಾಯಿ, ಅಂದರೆ 1,200ರವರೆಗೆ ಒಯ್ಯಲಿ. ದಾರಿಯಲ್ಲಿ ಉಬ್ಬು ಒಂದೊಂದೇ ಹಾರ್ಮಾನಿಕ್ಕಿನ ಮೇಲೆ ಹಾಯುತ್ತದೆ: 330ರಲ್ಲಿ ಪಂಚಮ, 440ರಲ್ಲಿ ಷಡ್ಜ, 550ರಲ್ಲಿ ಅಂತರ ಗಾಂಧಾರ. ಶ್ರುತಿ ಸೇರಿದ ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಎದ್ದು ಬರುವ ಗಾಂಧಾರ ಇದೇ, ಐದನೆಯ ಹಾರ್ಮಾನಿಕ್. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಫಿಲ್ಟರ್ ಸರಿಯುವಾಗ ಈ ಗಾಂಧಾರ ಮಿಂಚಿ ಹೋಗುವುದು ತಟ್ಟನೆ ಗೊತ್ತಾಗುತ್ತದೆ.

ಇನ್ನು ಮೂರು ಎಲ್‌ಎಫ್‌ಒಗಳು. ಒಂದು 7 ಸೆಕೆಂಡಿನ ಸುತ್ತಿನದು ಕಟಾಫ್‌ಗೆ, ಎರಡನೆಯದು 11 ಸೆಕೆಂಡಿನದು ರೆಸೊನೆನ್ಸ್‌ಗೆ, ಮೂರನೆಯದು 13 ಸೆಕೆಂಡಿನದು ಎಡಬಲ ಸ್ಥಾನಕ್ಕೆ. ಆದಿತಾಳದ ಎಂಟು, ಮಿಶ್ರಚಾಪಿನ ಏಳು ಅಕ್ಷರಗಳು 56ಕ್ಕೆ ಒಮ್ಮೆ ಕೂಡುವ ಹಾಗೆ, ಈ ಮೂರು ಮೊದಲಿನ ಸ್ಥಿತಿಯಲ್ಲಿ ಮತ್ತೆ ಒಟ್ಟಿಗೆ ಬರುವುದು 1,001 ಸೆಕೆಂಡಿಗೆ, ಹದಿನಾರು ನಿಮಿಷ ಕಳೆದ ಮೇಲೆ. ಅಲ್ಲಿಯವರೆಗೆ ಯಾವ ಕ್ಷಣವೂ ಹಿಂದಿನದರ ಪಡಿಯಚ್ಚಲ್ಲ. ಬ್ರಯನ್ ಈನೊ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನಲ್ಲಿ ಬೇರೆಬೇರೆ ಉದ್ದದ ಟೇಪ್ ಸುರುಳಿಗಳಿಂದ ಸಾಧಿಸಿದ್ದು ಇದೇ ಗಣಿತ. ಎಲ್‌ಎಫ್‌ಒಗಳು ಪ್ರತಿ ಕೀಗೂ ಮೊದಲಿನಿಂದ ಶುರುವಾಗದೆ ತಮ್ಮ ಪಾಡಿಗೆ ಓಡುತ್ತಿರುವಂತೆ ಇಡುವುದು ಮುಖ್ಯ, ಇಲ್ಲದಿದ್ದರೆ ಪ್ರತಿ ಸ್ವರವೂ ಒಂದೇ ಕಥೆ ಹೇಳುತ್ತದೆ.

ಪ್ರಮಾಣದ ವಿಷಯದಲ್ಲಿ ಜಿಪುಣತನವೇ ಲೇಸು. ಒಂದು ಎಲ್‌ಎಫ್‌ಒ ಕಟಾಫನ್ನು ಕಾಲು ಸ್ಥಾಯಿಯಷ್ಟು ಸರಿಸಿದರೆ ಸಾಕು. ಎಲ್ಲವೂ ಎದ್ದು ಕುಣಿಯುವ ನಾದದಲ್ಲಿ ಕಿವಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈ ಸಂಯಮವನ್ನು ಅದರ ತುದಿಯವರೆಗೆ ಒಯ್ದವರು ಪ್ಯಾರಿಸ್ಸಿನ ಎಲಿಯಾನ್ ರಾದಿಗ್. ಎಪ್ಪತ್ತರ ದಶಕದ ಆರಂಭದಲ್ಲಿ ಅವರು ಎಆರ್‌ಪಿ 2500 ಯಂತ್ರವನ್ನು ಅಮೆರಿಕದಿಂದ ಮನೆಗೆ ಕೊಂಡೊಯ್ದರು, ಅದರ ಕೀಲಿಮಣೆಯನ್ನು ಬೇಡವೆಂದು ಅಲ್ಲೇ ಬಿಟ್ಟರು. ಮುಂದೆ ಮೂರು ದಶಕಗಳ ಕಾಲ ನಾಬ್‌ಗಳ ಕೂದಲೆಳೆಯಷ್ಟು ಚಲನೆಯಿಂದಲೇ ಗಂಟೆಗಟ್ಟಲೆ ಹರಿಯುವ ಕೃತಿಗಳನ್ನು ರಚಿಸಿದರು. ಅವರ ‘ತ್ರಿಲೋಜಿ ದ ಲಾ ಮೋರ್’ ಕೇಳುವಾಗ ನಾದ ಯಾವಾಗ ಬದಲಾಯಿತು ಎಂದು ಬೆರಳಿಟ್ಟು ತೋರಿಸಲಾಗದು, ಬದಲಾಗಿದೆ ಎಂಬುದು ಮಾತ್ರ ಖಚಿತ. ಚಲಿಸುವ ನಾದದ ಬಗ್ಗೆ ಕಲಿಯಬೇಕಾದವರು ಯಾವ ಕೈಪಿಡಿಗಿಂತ ಮೊದಲು ಇದನ್ನು ಕೇಳಬೇಕು.

ಭಾರತದಲ್ಲಿ

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಮೋಗ್ ಯಂತ್ರವಿದ್ದ ಎಲೆಕ್ಟ್ರಾನಿಕ್ ಸ್ಟುಡಿಯೋ ಶುರುವಾಯಿತು. ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಅದನ್ನು ಅಣಿಗೊಳಿಸಿದ, ಗೀತಾ ಸಾರಾಭಾಯಿ ಮತ್ತಿತರರು ಅಲ್ಲಿ ರಚನೆಗಳನ್ನು ಮಾಡಿದರು. 1972ರವರೆಗಿನ ಆ ಟೇಪುಗಳನ್ನು ಪಾಲ್ ಪರ್ಗಾಸ್ ಸಂಸ್ಥೆಯ ಸಂಗ್ರಹದಲ್ಲಿ ಗುರುತಿಸಿದ ಮೇಲೆ, 2023ರಲ್ಲಿ ಆಯ್ದ ಭಾಗಗಳು ಪ್ರಕಟವಾದವು.

ಮುಂಬೈಯ ಚರಣ್‌ಜಿತ್ ಸಿಂಗ್ ಅವರದು ಇನ್ನೂ ಕುತೂಹಲದ ಪ್ರಸಂಗ. ಜಪಾನಿನ ರೋಲೆಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ತಂದಿತ್ತು. ಒಬ್ಬನೇ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಜೊತೆ ಕೊಡುವುದು ಅದರ ಉದ್ದೇಶ. ಬೇಸ್ ಗಿಟಾರಿನಂತೆ ಅದು ಕೇಳಿಸಲಿಲ್ಲ, 1984ಕ್ಕೆ ತಯಾರಿಕೆ ನಿಂತಿತು. ಆದರೆ ಅದರಲ್ಲಿ ಕಟಾಫ್, ರೆಸೊನೆನ್ಸ್, ಎನ್ವಲಪ್ ಪ್ರಮಾಣ, ಡಿಕೇ, ಆಕ್ಸೆಂಟ್ ನಾಬ್‌ಗಳು ಸಾಲಾಗಿದ್ದವು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯವಿತ್ತು. ಸಿಂಗ್ 1982ರ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಧ್ವನಿಮುದ್ರಿಕೆಯಲ್ಲಿ ಇದನ್ನೂ ಟಿಆರ್-808 ತಾಳಯಂತ್ರವನ್ನೂ ಜುಪಿಟರ್-8 ಸಿಂಥಸೈಜರನ್ನೂ ಜೋಡಿಸಿ ಭೈರವಿ, ಲಲಿತ್ ಮೊದಲಾದ ರಾಗಗಳನ್ನು ನುಡಿಸಿದರು. ಷಿಕಾಗೋದ ಫ್ಯೂಚರ್ ತಂಡ ಅದೇ ಪೆಟ್ಟಿಗೆಯ ನಾಬ್‌ಗಳನ್ನು ಹಾಡಿನುದ್ದಕ್ಕೂ ತಿರುಗಿಸುತ್ತ ‘ಆಸಿಡ್ ಟ್ರ್ಯಾಕ್ಸ್’ ಹೊರತಂದದ್ದು 1987ರಲ್ಲಿ. ಆಸಿಡ್ ಹೌಸ್ ಎಂಬ ಪ್ರಕಾರವೇ ಅದರಿಂದ ಹುಟ್ಟಿತು. ಸಿಂಗ್ ಅವರ ಮುದ್ರಿಕೆ 2010ರಲ್ಲಿ ಮರುಬಿಡುಗಡೆಯಾದಾಗ ಯುರೋಪಿನ ಕೇಳುಗರು ಬೆರಗಾದರು. ಅದರಲ್ಲಿ ಆಸಿಡ್ ಹೌಸ್ ಹುಡುಕುವವರಿಗಿಂತ, ರಾಗದ ಜಾರುಗಳಿಗೂ 303ರ ಜಾರುಗಳಿಗೂ ಇರುವ ಹೊಂದಿಕೆಯನ್ನು ಕೇಳುವವರಿಗೆ ಹೆಚ್ಚು ದಕ್ಕುತ್ತದೆ.

ಕರ್ನಾಟಕದಲ್ಲಿ ಎಲೆಕ್ಟ್ರಾನಿಕ್ ನಾದ ಮನೆಮನೆಗೆ ಮುಟ್ಟಿದ್ದು ಶ್ರುತಿಪೆಟ್ಟಿಗೆಯ ಮೂಲಕ. ಬೆಂಗಳೂರಿನ ರೇಡೆಲ್ ಸಂಸ್ಥೆಯನ್ನು ಕಟ್ಟಿದ ಜಿ. ರಾಜ್ ನಾರಾಯಣ್ ಅವರ ಎಲೆಕ್ಟ್ರಾನಿಕ್ ತಂಬೂರಿ ಸಂಗೀತ ಪಾಠದ ಕೋಣೆಗಳಲ್ಲಿ ಸಾಮಾನ್ಯ ವಸ್ತುವಾಯಿತು. ಅಂಥ ಯಂತ್ರ ಒಪ್ಪಿಗೆಯಾಗುವುದೂ ಆಗದಿರುವುದೂ ಶ್ರುತಿಯ ನಿಖರತೆಗಿಂತ ಹೆಚ್ಚಾಗಿ, ಮೀಟಿದ ಮೇಲೆ ಹೊಳಪು ಇಳಿಯುವ ರೀತಿಯನ್ನೇ ಅವಲಂಬಿಸಿದೆ.

ಅಂಕಿಗಳಿಗೆ ಇಳಿದ ಮೇಲೆ

1983ರಲ್ಲಿ ಎರಡು ಸಂಗತಿಗಳು ನಡೆದವು. ಜಾನ್ ಚೌನಿಂಗ್ ಸ್ಟ್ಯಾನ್‌ಫರ್ಡ್‌ನಲ್ಲಿ ಕಂಡುಕೊಂಡ ವಿಧಾನವನ್ನು ಬಳಸಿ ಯಮಾಹಾ ಡಿಎಕ್ಸ್7 ಬಂತು. ಅದರಲ್ಲಿ ಫಿಲ್ಟರೇ ಇರಲಿಲ್ಲ, ಹೊಳಪನ್ನು ಆಸಿಲೇಟರ್‌ಗಳ ಪರಸ್ಪರ ಮಾಡ್ಯುಲೇಶನ್ ನೋಡಿಕೊಳ್ಳುತ್ತಿತ್ತು. ಅದೇ ವರ್ಷ ಮಿಡಿ ಎಂಬ ಸಂಪರ್ಕ ವಿಧಿ ಬಳಕೆಗೆ ಬಂತು. ಮಿಡಿಯ ಸಾಮಾನ್ಯ ನಿಯಂತ್ರಣಕ್ಕೆ 0ರಿಂದ 127ರವರೆಗೆ 128 ಮೆಟ್ಟಿಲು. 20 ಹರ್ಟ್ಸ್‌ನಿಂದ 20,000ದವರೆಗಿನ ಹತ್ತು ಸ್ಥಾಯಿಗಳನ್ನು ಇಷ್ಟರಲ್ಲಿ ಹಂಚಿದರೆ ಒಂದು ಮೆಟ್ಟಿಲು ಹೆಚ್ಚುಕಡಿಮೆ ಒಂದು ಸ್ವರಸ್ಥಾನದಷ್ಟು. ರೆಸೊನೆನ್ಸ್ ಏರಿಸಿದಾಗ ಕಟಾಫ್ ಜಾರದೆ ಮೆಟ್ಟಿಲು ಹತ್ತಿದಂತೆ ಕೇಳಿಸುತ್ತದೆ. ಒಳ್ಳೆಯ ವಾದ್ಯಗಳು ಬಂದ ಅಂಕಿಗಳ ನಡುವಿನ ಅಂತರವನ್ನು ತಾವೇ ತುಂಬಿ ನಯಗೊಳಿಸಿಕೊಳ್ಳುತ್ತವೆ.

ಏಣಿ ಫಿಲ್ಟರನ್ನು ಲೆಕ್ಕಕ್ಕೆ ಇಳಿಸುವುದು ಸುಲಭವಾಗಲಿಲ್ಲ. ಹೊರಬಂದದ್ದನ್ನು ಒಳಕ್ಕೆ ಊಡಬೇಕಾದರೆ ಕಂಪ್ಯೂಟರ್ ಕನಿಷ್ಠ ಒಂದು ಸ್ಯಾಂಪಲ್‌ನಷ್ಟು ಹೊತ್ತು ಕಾಯಬೇಕು. ಆ ಚಿಕ್ಕ ತಡವೇ ಮೇಲಿನ ಆವೃತ್ತಿಗಳಲ್ಲಿ ರೆಸೊನೆನ್ಸ್‌ನ ಶ್ರುತಿಯನ್ನು ಕೆಡಿಸುತ್ತದೆ. ಟಿಮ್ ಸ್ಟಿಲ್ಸನ್ ಮತ್ತು ಜೂಲಿಯಸ್ ಸ್ಮಿತ್ 1996ರಲ್ಲಿ ಈ ತೊಡಕನ್ನು ವಿಶ್ಲೇಷಿಸಿದರು, ಅಂತಿ ಹುವೊವಿಲೈನೆನ್ 2004ರಲ್ಲಿ ಟ್ರಾನ್ಸಿಸ್ಟರ್‌ಗಳ ಒತ್ತಡವನ್ನೂ ಲೆಕ್ಕದಲ್ಲಿ ಸೇರಿಸಿದ ಮಾದರಿ ಕೊಟ್ಟ. ಈಗಿನ ಸಾಫ್ಟ್‌ವೇರ್‌ಗಳು ಪ್ರತಿ ಸ್ಯಾಂಪಲ್‌ಗೂ ಸಮೀಕರಣವನ್ನು ಬಿಡಿಸಿ ಆ ತಡವನ್ನೇ ಇಲ್ಲವಾಗಿಸುತ್ತವೆ. ಸೀರಮ್ (2014), ವೈಟಲ್ (2020) ಮುಂತಾದವುಗಳಲ್ಲಿ ಎಲ್‌ಎಫ್‌ಒವನ್ನು ಮೌಸಿನಿಂದ ಎಳೆದು ನಾಬ್ ಮೇಲೆ ಬಿಟ್ಟರೆ ಜೋಡಣೆ ಮುಗಿಯಿತು. ವಿಸಿವಿ ರ್‍ಯಾಕ್, ಸರ್ಜ್‌ಗಳಂಥವು ಉಚಿತವಾಗಿಯೇ ಸಿಗುವುದರಿಂದ, ಅರವತ್ತರ ದಶಕದಲ್ಲಿ ಕೆಲವರಿಗಷ್ಟೇ ಎಟುಕುತ್ತಿದ್ದ ಸಾಮಗ್ರಿ ಇಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿದೆ.

ಕೀಲಿಮಣೆಯ ಮೇಲೆ ನಮ್ಮ ರಾಗಗಳನ್ನು ನುಡಿಸುವವರಿಗೆ ಇದರಿಂದ ಆಗಬೇಕಾದ ಪ್ರಯೋಜನ ಒಂದಿದೆ. ಗಮಕವನ್ನು ಪಿಚ್ ಚಕ್ರದಿಂದ ಮಾತ್ರ ತೆಗೆದರೆ ಅದು ಬೋಳಾಗಿ ಕೇಳಿಸುತ್ತದೆ. ವೀಣೆಯಲ್ಲಿ ಒಮ್ಮೆ ಮೀಟಿ ತಂತಿಯನ್ನು ಎಳೆಯುವಾಗ ಸ್ವರ ಏರುತ್ತದೆ, ಹೊಳಪು ಮಾತ್ರ ಆಗಲೇ ಇಳಿಯುತ್ತಿರುತ್ತದೆ. ಇದನ್ನು ತರಲು ಮೊದಲು ಮಾಡಬೇಕಾದದ್ದು, ಜೋಡಿಸಿ ನುಡಿಸಿದ ಸ್ವರಗಳಿಗೆ ಎನ್ವಲಪ್ ಮತ್ತೆ ಮತ್ತೆ ಶುರುವಾಗದಂತೆ ಲೆಗಾಟೊ ಸ್ಥಿತಿಗೆ ಹಾಕುವುದು. ಮಿನಿಮೋಗ್ ಹುಟ್ಟಿನಿಂದಲೇ ಹಾಗಿತ್ತು. ಅನಂತರ ಫಿಲ್ಟರಿನ ಡಿಕೇಯನ್ನು ಒಂದು ಮೀಟಿನ ಆಯುಷ್ಯದಷ್ಟು ಉದ್ದ ಇಡಬೇಕು. 2018ರಲ್ಲಿ ಅಂಗೀಕೃತವಾದ, ಮಿಡಿಯ ವಿಸ್ತರಣೆಯಾದ ಎಂಪಿಇ ವಿಧಿಯಲ್ಲಿ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಸಿಗುವುದರಿಂದ, ಶ್ರುತಿಯ ಬಾಗು, ಒತ್ತಡ, ಬೆರಳಿನ ಮುಂದುಹಿಂದಿನ ಸರಿತ ಮೂರನ್ನೂ ಆ ಒಂದೇ ಸ್ವರದ ಫಿಲ್ಟರಿಗೆ ಜೋಡಿಸಬಹುದು. ಒತ್ತಡದಿಂದ ಕಟಾಫ್ ಅರ್ಧ ಸ್ಥಾಯಿ ಏರುವಷ್ಟು ಇಟ್ಟರೆ ಕಂಪಿತ ಗಮಕದಲ್ಲಿ ಸ್ವರದ ಜೊತೆ ಬಣ್ಣವೂ ಅಲುಗುತ್ತದೆ. ಅದಕ್ಕಿಂತ ಹೆಚ್ಚಾದರೆ ಗಮಕದ ಬದಲು ಫಿಲ್ಟರೇ ಕಿವಿಗೆ ಬೀಳತೊಡಗುತ್ತದೆ.